ಕಡಲ ಮೇಲೆ ಗೆರೆ ಎಳೆದವರು

ನಿಲ್ಲದ ಮಾತಿಗೆ, ಉಳಿಯದ ಆಣೆಗೆ ‘ನೀರ ಮೇಲಿನ ಬರಹ’ ಎಂದು ಹೇಳುವ ವಾಡಿಕೆ ನಮ್ಮಲ್ಲಿ ಉಂಟು. ಬರೆದ ಬೆರಳನ್ನು ಎತ್ತುವ ಮೊದಲೇ ಅಳಿಸಿಹೋಗುವ ಬರಹ ಅದು. ತರಗತಿಯಲ್ಲಿ ಈ ನುಡಿಗಟ್ಟನ್ನು ವಿವರಿಸುವಾಗಲೆಲ್ಲ ಇತ್ತೀಚೆಗೆ ನನಗೊಂದು ಸಂಶಯ ಏಳುತ್ತದೆ. ಕಳೆದ ನಾಲ್ಕು ಶತಮಾನಗಳಿಂದ ಮನುಷ್ಯ ನೀರಿನ ಮೇಲೆ ಬರೆಯುತ್ತಲೇ ಬಂದಿದ್ದಾನೆ. ಆ ಬರಹ ಅಷ್ಟು ಸುಲಭವಾಗಿ ಅಳಿಸಿಲ್ಲ. ಕಡಲಿನಲ್ಲಿ ಎಳೆದ ಗೆರೆಗಳಿಗಾಗಿ ಹಡಗುಗಳು ಒಂದನ್ನೊಂದು ಹಾಯ್ದಿವೆ. ಊರೂರೇ ಕಸುಬು ಕಳೆದುಕೊಂಡಿವೆ. ಗೆರೆ ದಾಟಿದರೆಂಬ ತಪ್ಪಿಗೆ ಬಡ ಮೀನುಗಾರರು ಪರದೇಶದ ಸೆರೆಮನೆಗಳನ್ನು ಕಂಡಿದ್ದಾರೆ.

ಇಂದು ಈ ಗೆರೆಗಳನ್ನು ಎಳೆಯುತ್ತಿರುವುದು ಕಂಪ್ಯೂಟರು. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಕಡಲಿನ ಬಿಸುಪನ್ನೂ ಬಣ್ಣವನ್ನೂ ಅಳೆದು ತಿಳಿಸುತ್ತವೆ. ಯಾವ ಹಡಗು ಎಲ್ಲಿದೆ ಎಂದು ಹೇಳುತ್ತವೆ. ಅದನ್ನೆಲ್ಲ ಒಂದು ನಕ್ಷೆಯಲ್ಲಿ ಕೂಡಿಸಿ, ಇಲ್ಲಿ ಮೀನು ಹಿಡಿಯಬಹುದು, ಇಲ್ಲಿ ಕೂಡದು, ಇಲ್ಲಿ ಗಾಳಿಯಂತ್ರಗಳನ್ನು ನೆಡಬಹುದು, ಇದು ಹಡಗಿನ ದಾರಿ ಎಂದು ಹಂಚಿಕೊಡುವ ವಿದ್ಯೆ ಬೆಳೆದಿದೆ. ಇದು ಹೊಸ ವಿದ್ಯೆಯೇ ಹೌದು. ಆದರೆ ಇದರ ಬೆನ್ನಿಗಿರುವ ಪ್ರಶ್ನೆ ಬಹಳ ಹಳೆಯದು: ಕಡಲು ಯಾರದು? ನಕ್ಷೆ ಬರೆಯುವ ಲೇಖನಿ ಯಾರ ಕೈಯಲ್ಲಿದೆ? ಈ ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರವೇ ಎಷ್ಟೋ ಸಲ ಮೊದಲನೆಯದಕ್ಕೂ ಉತ್ತರವಾಗಿದೆ. ಆ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡುವುದು ಒಳ್ಳೆಯದು.

ನಮ್ಮ ಪೂರ್ವಿಕರಿಗೆ ಕಡಲೆಂದರೆ ಭೂಮಿಯ ಎಲ್ಲೆ. ಕಡಲಿಗೇ ಒಂದು ಎಲ್ಲೆ ಬರೆಯಬೇಕೆಂದು ಅವರಿಗೆ ತೋರಲಿಲ್ಲ. ವಿಜಯನಗರದ ಮೊದಲ ಅರಸರು ಪೂರ್ವ ಪಶ್ಚಿಮ ಸಮುದ್ರಗಳ ಅಧೀಶ್ವರರೆಂದು ಶಾಸನಗಳಲ್ಲಿ ಹೊಗಳಿಸಿಕೊಂಡರು. ಆದರೆ ಆ ಬಿರುದಿನ ಅರ್ಥ, ನೆಲದ ಎರಡು ಅಂಚುಗಳ ತನಕ ತಮ್ಮ ಆಳ್ವಿಕೆ ಮುಟ್ಟಿದೆ ಎಂದು. ಅಲೆಗಳ ನಡುವೆ ಇಂಥ ಕಡೆಯಿಂದ ಇಂಥ ಕಡೆಗೆ ನಮ್ಮದು ಎಂದಲ್ಲ. ಬಂದರಿನಲ್ಲಿ ಸುಂಕ ಕೊಟ್ಟರಾಯಿತು, ಕಡಲು ಹಾಯುವವನನ್ನು ತಡೆದು ಕೇಳುವವರಿರಲಿಲ್ಲ. ಕಡಲ್ಗಳ್ಳರ ಮಾತು ಬೇರೆ. ಅವರು ಹಕ್ಕಿನ ಮಾತಾಡುವವರಲ್ಲ.

ಹಾಗೆಂದು ಕಡಲಿಗೆ ನಕ್ಷೆಯೇ ಇರಲಿಲ್ಲವೆಂದು ತಿಳಿಯಬಾರದು. ಮೀನುಗಾರನ ತಲೆಯಲ್ಲಿ ಅದು ಇತ್ತು. ದಡದ ಮೇಲಿನ ಎರಡು ಗುರುತುಗಳನ್ನು, ಒಂದು ಗುಡ್ಡದ ತುದಿಯನ್ನೂ ಒಂದು ಗುಡಿಯ ಕಳಸವನ್ನೂ, ಒಂದೇ ಸಾಲಿಗೆ ಬರುವಂತೆ ದೋಣಿಯನ್ನು ನಿಲ್ಲಿಸಿದರೆ ಒಂದು ಗೆರೆ ಸಿಕ್ಕಿತು. ಇನ್ನೊಂದು ದಿಕ್ಕಿನಲ್ಲಿ ಬೇರೆ ಎರಡು ಗುರುತುಗಳನ್ನು ಹಾಗೆಯೇ ಸಾಲುಗೂಡಿಸಿದರೆ ಮತ್ತೊಂದು ಗೆರೆ. ಎರಡೂ ಕೂಡುವ ಕಡೆ ನೀರಿನ ಕೆಳಗೆ ಬಂಡೆ ಇದೆ, ಬಂಡೆಯ ಬಳಿ ಮೀನಿದೆ. ಕಾಗದವಿಲ್ಲ, ಲೇಖನಿಯಿಲ್ಲ, ಆದರೂ ಮರುದಿನ, ಮರುವರ್ಷ, ಮಗನ ಕಾಲದಲ್ಲಿಯೂ ದೋಣಿ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಜಪಾನಿನಲ್ಲಿ ಇದಕ್ಕೆ ‘ಯಾಮಾ ಆತೆ’ ಎನ್ನುತ್ತಾರೆ. ಬೆಟ್ಟವನ್ನು ಗುರಿಯಿಟ್ಟು ನೋಡುವುದು ಎಂಬ ಅರ್ಥ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಜನ ಇಂಥ ಗುರುತುಗಳನ್ನು ‘ಮೀಡ್’ ಎಂದು ಕರೆದರು. ಪರಸ್ಪರ ಹೆಸರನ್ನೇ ಕೇಳದ ಜನ ಒಂದೇ ರೇಖಾಗಣಿತವನ್ನು ತಾವೇ ಕಂಡುಕೊಂಡರು. ನಮ್ಮ ಕುದುರೆಮುಖವನ್ನೇ ನೋಡಿ. ಆ ಶಿಖರ ಅರಬ್ಬೀ ಸಮುದ್ರದಲ್ಲಿ ಓಡಾಡುವ ನಾವಿಕರಿಗೆ ದೂರದ ಗುರುತಾಗಿತ್ತು. ಘಟ್ಟದ ಮೇಲಿನ ಬೆಟ್ಟವೂ ಕಡಲಿನ ನಕ್ಷೆಯಲ್ಲಿ ಒಂದು ಚುಕ್ಕೆ.

ಈ ನಕ್ಷೆಗೆ ಎರಡು ಗುಣಗಳು. ಒಂದು, ಅದು ಗುಟ್ಟಿನ ಸೊತ್ತು. ಒಳ್ಳೆಯ ಜಾಗವನ್ನು ಬಲ್ಲವನು ಅದನ್ನು ಸಾರುವುದಿಲ್ಲ. ಎರಡು, ಅದರ ಹಿಂದೆ ಊರಿನ ಒಪ್ಪಂದ ಇರುತ್ತಿತ್ತು. ತೊಕುಗಾವಾ ಅರಸರ ಕಾಲದ ಜಪಾನಿನಲ್ಲಿ, ದಡದ ಅಂಚಿನ ನೀರು ಆಯಾ ಹಳ್ಳಿಗೆ ಸೇರಿದ್ದು, ಅದರಾಚೆಯ ಕಡಲು ಎಲ್ಲರಿಗೂ ಸೇರಿದ್ದು ಎಂಬ ಕಟ್ಟಳೆ ನಡೆಯುತ್ತಿತ್ತು. ಕಡಲು ಯಾರ ಸೊತ್ತೂ ಅಲ್ಲ ಎಂಬ ಮಾತೂ ಅರಸನ ಸೊತ್ತು ಎಂಬ ಮಾತೂ ಆಮೇಲೆ ಬಂದವು. ಇಷ್ಟು ನಮ್ಮೂರಿನದು, ಇಷ್ಟು ನಮಗೂ ನಿಮಗೂ ಕೂಡಿದ್ದು ಎಂಬ ನಡುವಣ ದಾರಿಯನ್ನು ಕಡಲನ್ನು ನಂಬಿ ಬದುಕಿದವರು ಮೊದಲೇ ಹಿಡಿದಿದ್ದರು.

ಕಡಲಿಗೆ ಕಾಗದವನ್ನು ತಂದವರು ಪೋರ್ಚುಗೀಸರು. ೧೪೯೮ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಕೆಲವೇ ವರ್ಷಗಳಲ್ಲಿ, ಈ ಸಮುದ್ರದಲ್ಲಿ ಹಡಗು ನಡೆಸುವವರೆಲ್ಲ ತಮ್ಮ ರಹದಾರಿ ಪತ್ರವನ್ನು ಪಡೆಯಬೇಕೆಂದು ಅವರು ಕಟ್ಟುಮಾಡಿದರು. ‘ಕರ್ತಾಜ್’ ಎಂದು ಅದರ ಹೆಸರು. ಹಡಗಿನ ನಾಯಕ ಯಾರು, ಎಲ್ಲಿಂದ ಎಲ್ಲಿಗೆ, ಏನು ಸರಕು, ಎಷ್ಟು ಆಯುಧ ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. ಪತ್ರವಿಲ್ಲದ ಹಡಗು ಕಂಡರೆ ಸರಕು ಮುಟ್ಟುಗೋಲು. ಭಟ್ಕಳ, ಹೊನ್ನಾವರ, ಬಸರೂರು, ಮಂಗಳೂರುಗಳ ಕಡಲಿನಲ್ಲಿ ತಲೆತಲಾಂತರದಿಂದ ಅಕ್ಕಿ ಮೆಣಸು ಸಾಗಿಸುತ್ತಿದ್ದವರು, ಆರು ತಿಂಗಳ ದಾರಿಯಿಂದ ಬಂದವರ ಅಪ್ಪಣೆ ಕೇಳಬೇಕಾಯಿತು. ಮೊಗಲ್ ದರ್ಬಾರಿನವರ ಹಡಗುಗಳು ಕೂಡ ಮೆಕ್ಕಾ ಯಾತ್ರೆಗೆ ಈ ಪತ್ರ ಪಡೆದೇ ಹೊರಡಬೇಕಾಯಿತು. ನೆಲದಲ್ಲಿ ಸಾಮ್ರಾಜ್ಯ, ನೀರಿನಲ್ಲಿ ರಹದಾರಿ!

ಈ ದರ್ಪವನ್ನು ಡಚ್ಚರೂ ಪ್ರಶ್ನಿಸಿದರು. ಅದೂ ನಮ್ಮ ಮೇಲಿನ ಕನಿಕರದಿಂದಲ್ಲ. ೧೬೦೩ರಲ್ಲಿ ಸಿಂಗಪುರದ ಬಳಿ ಡಚ್ಚರ ನೌಕಾನಾಯಕನೊಬ್ಬ ಪೋರ್ಚುಗೀಸರ ‘ಸಾಂತಾ ಕತರಿನಾ’ ಎಂಬ ಸಿರಿತುಂಬಿದ ಹಡಗನ್ನು ಹಿಡಿದನು. ಇದು ಕೊಳ್ಳೆಯೋ ನ್ಯಾಯವೋ ಎಂಬ ಚರ್ಚೆ ಎದ್ದಾಗ, ನ್ಯಾಯವೆಂದು ವಾದಿಸಲು ಡಚ್ ಈಸ್ಟ್ ಇಂಡಿಯಾ ಕಂಪೆನಿಯವರು ಹ್ಯೂಗೋ ಗ್ರೋಷಿಯಸ್ ಎಂಬ ತರುಣ ವಕೀಲನನ್ನು ಗೊತ್ತುಮಾಡಿದರು. ಅವನ ವಾದದ ಒಂದು ಭಾಗ ೧೬೦೯ರಲ್ಲಿ, ಬರೆದವನ ಹೆಸರಿಲ್ಲದೆ, ‘ಮುಕ್ತ ಸಮುದ್ರ’ ಎಂಬ ಅರ್ಥದ ಲ್ಯಾಟಿನ್ ಹೆಸರಿನಿಂದ ಹೊರಬಂದಿತು. ಗಾಳಿಯಂತೆ ಕಡಲೂ ಎಲ್ಲರದು, ಹಿಡಿದಿಟ್ಟುಕೊಳ್ಳಲಾಗದ್ದನ್ನು ತನ್ನದೆನ್ನಲಾಗದು, ಇಂಡಿಯಾದಲ್ಲಿ ಅಲ್ಲಿನವರದೇ ರಾಜರೂ ಕಾನೂನುಗಳೂ ಇವೆ, ಪೋರ್ಚುಗೀಸರು ಅದರ ಒಡೆಯರಲ್ಲ. ಇದು ಅವನ ವಾದದ ತಿರುಳು. ಓದಿದರೆ ಇಂದಿಗೂ ಮನಸ್ಸು ತೂಗುತ್ತದೆ. ಆದರೆ ಪುಸ್ತಕ ಬರೆಸಿದ ಕಂಪೆನಿಯೇ ಮುಂದೆ ಪೂರ್ವ ಸಮುದ್ರಗಳಲ್ಲಿ ತನ್ನ ರಹದಾರಿಗಳನ್ನು ಹಂಚತೊಡಗಿತೆಂಬುದನ್ನೂ ಮರೆಯುವಂತಿಲ್ಲ.

ಈ ವಾದ ನಡೆದದ್ದು ವ್ಯಾಪಾರದ ಹಡಗುಗಳ ಸಲುವಾಗಿ. ಅದು ಮೊದಲು ಚುಚ್ಚಿದ್ದು ಮಾತ್ರ ಮೀನುಗಾರರನ್ನು. ಆಗ ಡಚ್ಚರ ನೂರಾರು ದೋಣಿಗಳು ಸ್ಕಾಟ್ಲೆಂಡು ಇಂಗ್ಲೆಂಡುಗಳ ದಡದ ಬಳಿ ಹೆರ್ರಿಂಗ್ ಮೀನು ಹಿಡಿಯುತ್ತಿದ್ದವು. ಅದೇ ೧೬೦೯ರಲ್ಲಿ ದೊರೆ ಜೇಮ್ಸ್, ಪರದೇಶದವರು ಅಪ್ಪಣೆಯಿಲ್ಲದೆ ತನ್ನ ಕಡಲಿನಲ್ಲಿ ಮೀನು ಹಿಡಿಯಕೂಡದೆಂದು ಸಾರಿದನು. ೧೬೧೩ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ವೆಲ್‌ವುಡ್ ಎಂಬ ಪ್ರಾಧ್ಯಾಪಕ ಗ್ರೋಷಿಯಸನಿಗೆ ಉತ್ತರ ಬರೆದನು. ಅವನ ಹೆಸರು ಈಗ ಹೆಚ್ಚು ಜನಕ್ಕೆ ತಿಳಿಯದು. ಆದರೆ ಅವನು ಹೇಳಿದ ಒಂದು ಮಾತು ಈ ಇಡೀ ಇತಿಹಾಸದಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಮ್ಮ ದಡದಲ್ಲಿ ಮೊದಲು ಹೇರಳವಾಗಿದ್ದ ಮೀನು, ಪರರ ದೋಣಿಗಳ ದಟ್ಟಣೆಯಿಂದ ಚದರಿ, ವಿರಳವಾಗಿ, ಬಡ ಮೀನುಗಾರನ ಶ್ರಮಕ್ಕೆ ಫಲವಿಲ್ಲದಂತಾಗಿದೆ ಎಂಬುದೇ ಆ ಮಾತಿನ ಸಾರ. ತತ್ತ್ವಜ್ಞಾನಿ ಕಡಲಿನ ಸ್ವಭಾವದ ಮಾತಾಡಿದನು. ಈತ ಮೀನಿನ ಮಾತಾಡಿದನು. ಕಡಲಿಗೆ ಕೊನೆಯಿಲ್ಲದಿರಬಹುದು, ಮೀನಿಗೆ ಕೊನೆಯುಂಟು. ೧೬೩೫ರಲ್ಲಿ ಜಾನ್ ಸೆಲ್ಡನ್ ‘ಮುಚ್ಚಿದ ಸಮುದ್ರ’ ಎಂಬ ದೊಡ್ಡ ಗ್ರಂಥವನ್ನು ಹೊರತಂದು ಇಂಗ್ಲೆಂಡಿನ ದೊರೆಯ ಪಕ್ಷ ಹಿಡಿದನು. ಪಂಡಿತರ ಕಾಳಗ ಬೆಳೆಯಿತು; ವೆಲ್‌ವುಡ್ಡನ ಸಣ್ಣ ಮಾತು ಆ ಗದ್ದಲದಲ್ಲಿ ಅಡಗಿಹೋಯಿತು.

ಕೊನೆಗೆ ವಿವಾದವನ್ನು ತೀರಿಸಿದ್ದು ತರ್ಕವಲ್ಲ, ಫಿರಂಗಿ. ದಡದಿಂದ ಹಾರಿಸಿದ ಗುಂಡು ಎಲ್ಲಿಯ ತನಕ ಹೋಗುತ್ತದೋ ಅಲ್ಲಿಯ ತನಕ ಆ ದೇಶದ ಕಡಲು ಎಂದು ೧೭೦೨ರಲ್ಲಿ ಬಿಂಕರ್‌ಶೂಕ್ ಎಂಬ ಡಚ್ ನ್ಯಾಯವೇತ್ತನು ಸೂತ್ರ ಹೇಳಿದನು. ೧೭೮೨ರಲ್ಲಿ ಇಟಲಿಯ ಗಾಲಿಯಾನಿ ಅದನ್ನು ಮೂರು ನಾವಿಕ ಮೈಲಿಗಳೆಂದು, ಎಂದರೆ ಸುಮಾರು ಐದೂವರೆ ಕಿಲೋಮೀಟರೆಂದು, ಲೆಕ್ಕಕ್ಕೆ ಇಳಿಸಿದನು. ಅದರಾಚೆ ಯಾರಿಗೂ ತಡೆಯಿಲ್ಲ. ಮೀನಿಗೆ ಕೊರತೆಯಾದೀತೆಂಬ ಭಯವೂ ಬಹಳ ಕಾಲ ಯಾರಿಗೂ ಇರಲಿಲ್ಲ. ೧೮೮೩ರಲ್ಲಿ ಲಂಡನ್ನಿನಲ್ಲಿ ನಡೆದ ಮೀನುಗಾರಿಕೆಯ ವಸ್ತುಪ್ರದರ್ಶನದಲ್ಲಿ ಪ್ರಸಿದ್ಧ ವಿಜ್ಞಾನಿ ತಾಮಸ್ ಹಕ್ಸ್ಲಿ, ಅಂದಿನ ಬಲೆದೋಣಿಗಳ ಮಟ್ಟಿಗೆ ದೊಡ್ಡ ಕಡಲ ಮೀನುಗಾರಿಕೆಗಳು ಬತ್ತಲಾರವೆಂದು ಹೇಳಿದನು. ಅಂದಿನ ಬಲೆದೋಣಿಗಳ ಮಟ್ಟಿಗೆ ಎಂಬ ಎಚ್ಚರದ ಮಾತನ್ನು ಕೇಳಿದವರು ಮರೆತರು. ಅದೇ ದಶಕದಲ್ಲಿ ಹಾಯಿಯ ಬದಲು ಹಬೆಯ ಬಲದಿಂದ ಓಡುವ, ತಳವನ್ನು ಬಾಚುವ ಬಲೆಯನ್ನು ಎಳೆಯುವ ಹಡಗುಗಳು ಕಡಲಿಗೆ ಇಳಿದವು.

ಮೂರು ಮೈಲಿಯ ಗೆರೆ ಮುರಿದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ೧೯೪೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ತಮ್ಮ ದಡದಿಂದ ನೀರಿನೊಳಗೆ ಇಳಿದುಹೋಗುವ ನೆಲದ ತಟ್ಟಿನ ಸಂಪತ್ತು ತಮ್ಮದೆಂದೂ, ದಡದಾಚೆ ಮೀನಿನ ರಕ್ಷಣೆಗೆ ವಲಯಗಳನ್ನು ಮಾಡುವೆವೆಂದೂ ಸಾರಿದರು. ದೊಡ್ಡವರು ತೆರೆದ ಬಾಗಿಲಿನಲ್ಲಿ ಚಿಕ್ಕವರೂ ನುಗ್ಗಿದರು. ೧೯೪೭ರಲ್ಲಿ ಚಿಲಿಯೂ ಪೆರುವೂ ಇನ್ನೂರು ಮೈಲಿ ನಮ್ಮದೆಂದವು. ೧೯೫೨ರಲ್ಲಿ ಇಕ್ವಡಾರ್ ದೇಶವೂ ಸೇರಿ ಮೂವರೂ ಸಾಂತಿಯಾಗೋ ನಗರದಲ್ಲಿ ಒಟ್ಟಾಗಿ ಘೋಷಿಸಿದರು.

ಇನ್ನೂರೇ ಏಕೆ? ಇದರ ಹಿಂದಿನ ಸಂಗತಿ ಸ್ವಾರಸ್ಯವಾಗಿದೆ. ಚಿಲಿಯ ತಿಮಿಂಗಿಲ ಬೇಟೆಯ ಉದ್ಯಮಿಗಳಿಗೆ ಪರದೇಶದ ಹಡಗುಗಳಿಂದ ರಕ್ಷಣೆ ಬೇಕಾಗಿತ್ತು. ಅವರ ಸಲಹೆಗಾರರು ಹಿಂದಿನ ಆಧಾರವೊಂದನ್ನು ಹುಡುಕುತ್ತಿದ್ದಾಗ, ೧೯೩೯ರಲ್ಲಿ ಅಮೆರಿಕ ಖಂಡದ ದೇಶಗಳು ಯುದ್ಧದಿಂದ ದೂರವಿರಲು ಗೊತ್ತುಮಾಡಿಕೊಂಡಿದ್ದ ಕಡಲ ವಲಯದ ನಕ್ಷೆ ಒಂದು ವಾರಪತ್ರಿಕೆಯಲ್ಲಿ ಕಂಡಿತು. ಆ ಚಿತ್ರದಲ್ಲಿ ಚಿಲಿಯ ಎದುರಿಗೆ ವಲಯದ ಅಗಲ ಸುಮಾರು ಇನ್ನೂರು ಮೈಲಿಯಂತೆ ತೋರಿತು. ಇಂದು ಲೋಕದ ಕಡಲನ್ನೆಲ್ಲ ಹಂಚಿರುವ ಅಂಕಿಯ ಮೂಲ ಇಷ್ಟೇ! ಮೀನಿನ ನಡೆಯಾಗಲಿ, ಕಡಲಿನ ಆಳವಾಗಲಿ ಅದನ್ನು ನಿರ್ಣಯಿಸಲಿಲ್ಲ. ವಾರಪತ್ರಿಕೆಗಳನ್ನು ಓದುವವರೂ ಅವುಗಳಿಗೆ ಬರೆಯುವವರೂ ಇದರಿಂದ ಸ್ವಲ್ಪ ಎಚ್ಚರ ಕಲಿಯಬಹುದು.

ಮುಂದಿನ ಮೂವತ್ತು ವರ್ಷಗಳಲ್ಲಿ ಆ ಅಂಕಿ ಕಾನೂನಾಯಿತು. ಐಸ್‌ಲೆಂಡ್ ಎಂಬ ಪುಟ್ಟ ದೇಶ ೧೯೫೮ರಲ್ಲಿ ಹನ್ನೆರಡು, ೧೯೭೨ರಲ್ಲಿ ಐವತ್ತು, ೧೯೭೫ರಲ್ಲಿ ಇನ್ನೂರು ಮೈಲಿ ಎಂದು ಗೆರೆಯನ್ನು ಮುಂದೂಡುತ್ತ ಹೋಯಿತು. ಬ್ರಿಟನ್ ತನ್ನ ಯುದ್ಧನೌಕೆಗಳನ್ನು ಕಳುಹಿಸಿತು. ಐಸ್‌ಲೆಂಡಿನ ಕಾವಲು ಹಡಗುಗಳು ಬ್ರಿಟಿಷರ ಬಲೆಯ ಹಗ್ಗಗಳನ್ನು ನೀರಿನಲ್ಲಿಯೇ ಕತ್ತರಿಸಿದವು. ೧೯೭೬ರಲ್ಲಿ ಬ್ರಿಟನ್ ಮಣಿಯಿತು. ಅದೇ ವರ್ಷ ನಮ್ಮ ಪಾರ್ಲಿಮೆಂಟು ಸಾಗರ ವಲಯಗಳ ಕಾಯಿದೆಯನ್ನು ಮಾಡಿ ಇನ್ನೂರು ನಾವಿಕ ಮೈಲಿಗಳ, ಎಂದರೆ ೩೭೦ ಕಿಲೋಮೀಟರುಗಳ, ಆರ್ಥಿಕ ವಲಯವನ್ನು ಸಾರಿತು. ೧೯೮೨ರ ವಿಶ್ವಸಂಸ್ಥೆಯ ಸಾಗರ ಒಡಂಬಡಿಕೆ ಇದನ್ನೇ ಎಲ್ಲರಿಗೂ ಅನ್ವಯಿಸಿತು. ೧೯೯೪ರಲ್ಲಿ ಅದು ಜಾರಿಗೆ ಬಂದಿತು. ಹೀಗೆ ಭಾರತಕ್ಕೆ ಇಪ್ಪತ್ತು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕ ಕಡಲು ದಕ್ಕಿತು. ನಮ್ಮ ನೆಲದ ಅರ್ಧಕ್ಕಿಂತ ಹೆಚ್ಚು!

ಇಲ್ಲಿಗೆ ಕಥೆ ಸುಖಾಂತವಾಯಿತೆ? ಕಡಲು ದೇಶಗಳಿಗೆ ಹಂಚಿಕೆಯಾಯಿತು ನಿಜ. ಆದರೆ ದೇಶದೊಳಗೆ ಯಾರಿಗೆ? ನಮ್ಮ ಕರಾವಳಿಯನ್ನೇ ನೋಡಬಹುದು. ಇಲ್ಲಿ ರಂಪಣಿ ಎಂಬ ಭಾರಿ ಎಳೆಬಲೆ ಇತ್ತು. ಹಲವರ ಬಲೆಯ ತುಂಡುಗಳನ್ನು ಕೂಡಿಸಿ ಒಂದಾಗಿ ಮಾಡಿ, ದಡದ ಬಳಿಗೆ ಬಂದ ಬಂಗುಡೆಯ ಹಿಂಡನ್ನು ಸುತ್ತುಗಟ್ಟಿ, ಹತ್ತಾರು ಜನ ದಡದಿಂದ ಎಳೆದು, ಬಂದದ್ದನ್ನು ಪಾಲುಮಾಡಿಕೊಳ್ಳುತ್ತಿದ್ದರು. ೧೯೭೦ರ ದಶಕದ ನಡುವೆ ಯಂತ್ರದೋಣಿಯ ಪರ್ಸೀನ್ ಬಲೆ ಬಂದಿತು. ಹಿಂಡು ದಡ ಮುಟ್ಟುವ ಮೊದಲೇ ಅದನ್ನು ಸುತ್ತಿ ಎತ್ತತೊಡಗಿತು. ದಡದಲ್ಲಿ ಕಾದವರಿಗೆ ಬರಿಗೈ. ಜಗಳಗಳಾದವು. ಮುಂದೆ ೧೯೮೬ರಲ್ಲಿ ಕರ್ನಾಟಕದ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದು, ದಡದ ಬಳಿಯ ಪಟ್ಟಿಯನ್ನು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲಿಡುವ ದಾರಿಯಾಯಿತು. ಅಷ್ಟರಲ್ಲಿ ದೊಡ್ಡ ರಂಪಣಿಗಳ ಕಾಲ ಬಹುಮಟ್ಟಿಗೆ ಮುಗಿದಿತ್ತು. ಪಾಕ್ ಕೊಲ್ಲಿಯ ಸಂಗತಿ ಇನ್ನೂ ಜಟಿಲ. ೧೯೭೪ ಮತ್ತು ೧೯೭೬ರ ಒಪ್ಪಂದಗಳು ಭಾರತ, ಲಂಕೆಗಳ ನಡುವೆ ಗೆರೆ ಎಳೆದವು. ಎರಡೂ ದಡದಲ್ಲಿ ತಮಿಳು ಮಾತಾಡುವವರೇ ಒಂದೇ ನೀರಿನಲ್ಲಿ ಬಲೆ ಬೀಸುತ್ತ ಬಂದಿದ್ದರು. ಗೆರೆ ದಾಟಿದ ರಾಮೇಶ್ವರದ ಕಡೆಯವರು ಸೆರೆ ಸೇರುತ್ತಾರೆ. ಅತ್ತ ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು ೨೦೦೯ರ ಬಳಿಕ ಮತ್ತೆ ಕಡಲಿಗಿಳಿದ ಉತ್ತರ ಲಂಕೆಯ ಬಡವರು, ಇತ್ತಲಿನ ಯಂತ್ರದೋಣಿಗಳು ನಮ್ಮ ಬಲೆಗಳನ್ನು ಹರಿಯುತ್ತವೆ ಎಂದು ಅಳುತ್ತಾರೆ. ಎರಡು ಅಳಲೂ ದಿಟ. ಗೆರೆ ಇವೆರಡನ್ನೂ ಕೇಳಿಸಿಕೊಳ್ಳುವುದಿಲ್ಲ.

ಗೆರೆ ಎಳೆದವರು ಯಾರ ಮಾತು ಕೇಳಿದರು, ಯಾರದನ್ನು ಕೇಳಲಿಲ್ಲ ಎಂಬುದರ ಮೇಲೆ ಎಷ್ಟು ನಿಂತಿದೆಯೆಂದು ತಿಳಿಯಬೇಕಾದರೆ ಕೆನಡಾದ ನ್ಯೂಫೌಂಡ್‌ಲೆಂಡಿಗೆ ಹೋಗಬೇಕು. ೧೪೯೭ರಲ್ಲಿ ಜಾನ್ ಕ್ಯಾಬಟ್ ಆ ಕಡೆಗೆ ಹೋಗಿ ಬಂದಾಗ, ಅಲ್ಲಿ ಬುಟ್ಟಿ ಇಳಿಬಿಟ್ಟರೆ ಮೀನು ತುಂಬಿ ಬರುತ್ತದೆಂದು ಯುರೋಪಿನಲ್ಲಿ ಸುದ್ದಿ ಹಬ್ಬಿತು. ಕಾಡ್ ಎಂಬ ಆ ಮೀನು ಐನೂರು ವರ್ಷ ಜನರನ್ನು ಸಾಕಿತು. ೧೯೬೮ರಲ್ಲಿ ಹಲವು ದೇಶಗಳ ದೊಡ್ಡ ಹಡಗುಗಳು ಅಲ್ಲಿ ಹಿಡಿದದ್ದು ಎಂಟು ಲಕ್ಷ ಟನ್ನು; ಆಮೇಲೆ ಹಿಡಿತ ಕುಸಿಯಿತು. ೧೯೭೭ರಲ್ಲಿ ಕೆನಡಾ ಇನ್ನೂರು ಮೈಲಿಯ ಗೆರೆ ಎಳೆದು ಪರದೇಶದ ಹಡಗುಗಳನ್ನು ಹೊರಗೆ ಅಟ್ಟಿತು. ಇನ್ನು ಮೀನು ನಮ್ಮದು, ವಿಜ್ಞಾನವೂ ನಮ್ಮ ಕೈಯಲ್ಲಿದೆ, ಲೆಕ್ಕವಿಟ್ಟು ಹಿಡಿಯೋಣ ಎಂದುಕೊಂಡರು.

ಲೆಕ್ಕವಿಟ್ಟದ್ದು ನಿಜ. ಸರಕಾರದ ಸಂಶೋಧನಾ ಹಡಗುಗಳ ಸಮೀಕ್ಷೆಯ ಜೊತೆಗೆ, ದೂರ ಕಡಲಿನ ಯಂತ್ರನೌಕೆಗಳು ಒಂದೊಂದು ಗಂಟೆಗೆ ಎಷ್ಟು ಹಿಡಿಯುತ್ತವೆ ಎಂಬುದನ್ನೂ ಆಧಾರವಾಗಿ ಹಿಡಿದರು. ಹಿಡಿತ ಚೆನ್ನಾಗಿದೆ, ಆದ್ದರಿಂದ ಮೀನು ಚೆನ್ನಾಗಿದೆ ಎಂದಾಯಿತು. ಆದರೆ ದಡದಲ್ಲಿ, ಬೇಸಗೆಯಲ್ಲಿ ತಾನಾಗಿ ಬರುವ ಮೀನನ್ನು ಗೂಡುಬಲೆಯಲ್ಲಿ ಹಿಡಿಯುತ್ತಿದ್ದ ಸಣ್ಣ ಮೀನುಗಾರರು ಬೇರೆಯೇ ಹೇಳುತ್ತಿದ್ದರು: ಮೀನು ಬರುತ್ತಿಲ್ಲ, ಬಂದದ್ದು ಗಾತ್ರದಲ್ಲಿ ಚಿಕ್ಕದು. ೧೯೮೬ರಲ್ಲಿ ಅವರ ಸಂಘ ತಾನೇ ವಿಜ್ಞಾನಿಗಳನ್ನು ಹಿಡಿದು ವರದಿ ಮಾಡಿಸಿತು; ಸರಕಾರದ ಅಂದಾಜು ತಪ್ಪೆಂದು ಅದು ತೋರಿಸಿತು. ಅದಕ್ಕೆ ಸಿಗಬೇಕಾದ ಕಿವಿ ಸಿಗಲಿಲ್ಲ. ಎಡವಟ್ಟಾದದ್ದು ಇಲ್ಲಿ. ಕಾಡ್ ಮೀನು ಕಡಿಮೆಯಾದಂತೆ ಉಳಿದದ್ದು ಒತ್ತೊತ್ತಾಗಿ ಗುಂಪುಗೂಡುತ್ತದೆ. ಆ ಗುಂಪನ್ನು ಧ್ವನಿಯಂತ್ರದಿಂದ ಹುಡುಕಿ ಅಲ್ಲಿಗೇ ಹೋಗುವ ಹಡಗಿಗೆ ಕೊನೆಯ ದಿನದ ತನಕ ಬಲೆ ತುಂಬುತ್ತಲೇ ಇರುತ್ತದೆ. ಕಣಜದ ಬಾಗಿಲಲ್ಲಿ ನಿಂತು ಹೊಲದ ಬೆಳೆಯನ್ನು ಅಳೆದಂತಾಯಿತು. ೧೯೯೨ರ ಜುಲೈ ೨ರಂದು ಸರಕಾರ ಉತ್ತರದ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿತು. ಸುಮಾರು ಮೂವತ್ತು ಸಾವಿರ ಜನ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಊರುಗಳು ಖಾಲಿಯಾದವು. ಎರಡು ವರ್ಷಕ್ಕೆಂದು ಹೇಳಿದ ತಡೆ ಮೂವತ್ತೆರಡು ವರ್ಷ ನಡೆಯಿತು. ೨೦೨೪ರಲ್ಲಿ ಅದನ್ನು ತೆಗೆದಾಗ ಹಿಡಿಯಲು ಗೊತ್ತುಮಾಡಿದ್ದು ಹದಿನೆಂಟು ಸಾವಿರ ಟನ್ನು. ಎಂಟು ಲಕ್ಷವೆಲ್ಲಿ, ಹದಿನೆಂಟು ಸಾವಿರವೆಲ್ಲಿ!

ವಿಚಿತ್ರವೆಂದರೆ, ಕಂಪ್ಯೂಟರಿನಿಂದ ಭೂಪಟ ಬರೆಯುವ ವಿದ್ಯೆ ಹುಟ್ಟಿದ ತೊಟ್ಟಿಲುಗಳಲ್ಲಿ ಇದೇ ಕೆನಡಾ ಮುಖ್ಯವಾದದ್ದು. ೧೯೬೦ರ ದಶಕದಲ್ಲಿ ರೋಜರ್ ಟಾಮ್‌ಲಿನ್ಸನ್ ಎಂಬವರು ಆ ದೇಶದ ನೆಲದ ಬಳಕೆಯನ್ನು ಲೆಕ್ಕಹಾಕಲು ಇಂಥ ಮೊದಲ ವ್ಯವಸ್ಥೆಯನ್ನು ಕಟ್ಟಿದರು. ಅದರ ತತ್ತ್ವ ಸರಳ. ಎಣ್ಣೆಕಾಗದದ ಹಲವು ಹಾಳೆಗಳಿವೆಯೆಂದುಕೊಳ್ಳಿ. ಒಂದರಲ್ಲಿ ಕಡಲಿನ ಆಳ, ಇನ್ನೊಂದರಲ್ಲಿ ನೀರಿನ ಬಿಸುಪು, ಮತ್ತೊಂದರಲ್ಲಿ ಹಡಗುಗಳ ಜಾಡು, ಮಗದೊಂದರಲ್ಲಿ ಕಾನೂನಿನ ಗೆರೆಗಳು. ಒಂದರ ಮೇಲೊಂದನ್ನು ಇಟ್ಟು ಬೆಳಕಿಗೆ ಹಿಡಿದರೆ ಬಿಡಿಯಾಗಿ ಕಾಣದ್ದು ಕೂಡಿ ಕಾಣುತ್ತದೆ. ಕಂಪ್ಯೂಟರು ಲಕ್ಷ ಹಾಳೆಗಳನ್ನು ಕ್ಷಣದಲ್ಲಿ ಜೋಡಿಸುತ್ತದೆ, ಗಳಿಗೆ ಗಳಿಗೆಗೂ ತಿದ್ದುತ್ತದೆ. ಅಷ್ಟೇ ವ್ಯತ್ಯಾಸ, ಆದರೆ ಅಷ್ಟು ದೊಡ್ಡ ವ್ಯತ್ಯಾಸ.

ಇದರಿಂದ ಆದ ಉಪಕಾರ ಸಣ್ಣದಲ್ಲ. ಹೈದರಾಬಾದಿನಲ್ಲಿರುವ ಭಾರತೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಉಪಗ್ರಹಗಳು ಅಳೆದ ನೀರಿನ ಬಿಸುಪನ್ನೂ ಹಸುರು ಬಣ್ಣವನ್ನೂ ನೋಡಿ, ಮೀನು ಸೇರಬಹುದಾದ ಜಾಗಗಳನ್ನು ಊಹಿಸುತ್ತದೆ. ತಣ್ಣೀರೂ ಬೆಚ್ಚನೆಯ ನೀರೂ ಸಂಧಿಸುವೆಡೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವನ್ನು ಹುಡುಕಿ ಸಣ್ಣ ಮೀನು, ಸಣ್ಣದನ್ನು ಹುಡುಕಿ ದೊಡ್ಡದು. ಯಾವ ಬಂದರಿನಿಂದ ಯಾವ ದಿಕ್ಕಿಗೆ ಎಷ್ಟು ದೂರ, ಎಷ್ಟು ಆಳ ಎಂಬ ಸೂಚನೆ ಕನ್ನಡದಲ್ಲಿಯೂ ಬರುತ್ತದೆ. ಅಲೆದು ಸುಡುವ ಡೀಸೆಲು ಉಳಿಯುತ್ತದೆ. ಮೋಡ ಕವಿದರೆ ಮಾತ್ರ ಈ ಕಣ್ಣು ಮಂಕು. ಪ್ರಾಣದ ಮಾತು ಇದಕ್ಕಿಂತ ದೊಡ್ಡದು. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಜನರೊಂದಿಗೆ ಮಹಾರಾಷ್ಟ್ರದ ಕಡಲಿನಲ್ಲಿ ಕಾಣೆಯಾಯಿತು. ಅದರ ಅವಶೇಷ ಮಾಲ್ವಣದ ಬಳಿ ನೀರಿನಾಳದಲ್ಲಿ ಸಿಕ್ಕಿದ್ದು ೨೦೧೯ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳಲ್ಲಿ ದೀಪ ಹಚ್ಚಿಟ್ಟು ಕಾದವರ ಪಾಡನ್ನು ನೆನೆದರೆ, ದೋಣಿ ಎಲ್ಲಿದೆ ಎಂದು ಹೇಳಬಲ್ಲ ಯಂತ್ರವನ್ನು ಬೇಡವೆನ್ನಲು ಯಾರಿಗೂ ಬಾಯಿ ಬರದು. ೨೦೨೪ರ ಆಗಸ್ಟಿನಲ್ಲಿ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಂಥ ಯಂತ್ರ ಕೊಡುವ ಯೋಜನೆಗೆ ಕೇಂದ್ರ ಸರಕಾರ ಚಾಲನೆ ಕೊಟ್ಟಿತು. ಅಪಾಯವಾದರೆ ದೋಣಿಯಿಂದ ಸುದ್ದಿ ಬರುತ್ತದೆ. ಗಡಿ ಹತ್ತಿರವಾದರೆ ದೋಣಿಗೆ ಎಚ್ಚರಿಕೆ ಹೋಗುತ್ತದೆ.

ದೊಡ್ಡವರನ್ನು ಕಾಯುವ ಕೆಲಸಕ್ಕೂ ಈ ವಿದ್ಯೆ ಬಂದಿದೆ. ೨೦೧೬ರಲ್ಲಿ ‘ಗ್ಲೋಬಲ್ ಫಿಶಿಂಗ್ ವಾಚ್’ ಎಂಬ ವ್ಯವಸ್ಥೆ ಲೋಕದ ಮೀನುಗಾರಿಕಾ ಹಡಗುಗಳ ಜಾಡನ್ನು ಯಾರು ಬೇಕಾದರೂ ನೋಡಬಹುದಾದ ನಕ್ಷೆಯಲ್ಲಿ ತೆರೆದಿಟ್ಟಿತು. ಮಹಾಸಾಗರಗಳ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಉದ್ಯಮದ ಹಡಗುಗಳು ಮೀನು ಹಿಡಿಯುತ್ತಿವೆಯೆಂದು ೨೦೧೮ರಲ್ಲಿ ಅದರಿಂದ ತಿಳಿದುಬಂದಿತು. ಆದರೆ ೨೦೨೪ರಲ್ಲಿ ಅದೇ ಸಂಶೋಧಕರು ಉಪಗ್ರಹದ ರಾಡಾರ್ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಉದ್ಯಮದ ಮೀನುಗಾರಿಕಾ ಹಡಗುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಆ ಬಹಿರಂಗ ನಕ್ಷೆಯಲ್ಲಿ ಕಾಣುತ್ತಲೇ ಇಲ್ಲವೆಂದು ಗೊತ್ತಾಯಿತು. ಕಾಣಿಸಿಕೊಳ್ಳದಿರುವ ಬಲವೂ ಒಂದು ಬಲವೇ. ಅದು ಹೆಚ್ಚಾಗಿ ಉಳ್ಳವರ ಕೈಯಲ್ಲಿದೆ.

ಇಲ್ಲದವನಿಗೆ ಮಾತ್ರ ಕಾಣದಿರುವುದೇ ಕೇಡು. ಕಡಲಿನಲ್ಲಿ ಬಂದರು, ಗಾಳಿಯಂತ್ರ, ತಂತಿ, ಮರಳುಗಾರಿಕೆಗೆ ಜಾಗ ಹುಡುಕುವವರು ನಕ್ಷೆಯನ್ನು ಬಿಡಿಸುತ್ತಾರೆ. ಅಲ್ಲಿ ಪಾತಿದೋಣಿಯ ಜಾಡಿಲ್ಲ, ಅದಕ್ಕೆ ಯಂತ್ರವಿಲ್ಲ. ಅಜ್ಜ ಕಂಡುಹಿಡಿದ ಬಂಡೆಯ ಹೆಸರಿಲ್ಲ, ಅದು ಬಾಯಿಮಾತಿನಲ್ಲಿದೆ. ಬಿಳಿಯಾಗಿ ಉಳಿದ ಜಾಗವನ್ನು ‘ಖಾಲಿ’ ಎಂದು ಓದುತ್ತಾರೆ. ಹಾಗಾದರೆ ಎಲ್ಲವನ್ನೂ ಬರೆಸಿಬಿಡೋಣವೆ? ಕರಾವಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಒಮ್ಮೆ ನನಗೆ ಹೇಳಿದ: “ಸಾರ್, ನಮ್ಮ ಅಪ್ಪ ಮೊಬೈಲಿನಲ್ಲಿ ಗಾಳಿ ನೋಡುತ್ತಾರೆ, ಮೀನಿನ ಸೂಚನೆಯನ್ನೂ ನೋಡುತ್ತಾರೆ. ಆದರೆ ತಾನು ಬಲೆ ಬೀಸಿದ ಜಾಗವನ್ನು ನಮ್ಮ ಮಾವನಿಗೂ ಹೇಳುವುದಿಲ್ಲ.” ಆ ತಂದೆಯದು ಮೊಂಡುತನವಲ್ಲ. ಬರೆಸಿದರೆ ನಾಳೆ ಅಲ್ಲಿಗೆ ದೊಡ್ಡ ದೋಣಿ ಬರುತ್ತದೆ. ಬರೆಸದಿದ್ದರೆ ನಾಡಿದ್ದು ಖಾಲಿ ಜಾಗವೆಂದು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಇಂದಿನ ಸಣ್ಣ ಮೀನುಗಾರ ಈ ಇಕ್ಕಟ್ಟಿನಲ್ಲಿದ್ದಾನೆ.

ಇದಕ್ಕೆ ದಾರಿಯಿಲ್ಲದಿಲ್ಲ. ಜಪಾನು ತನ್ನ ಹಳೆಯ ಹಳ್ಳಿಗಟ್ಟಳೆಯನ್ನು ೧೯೦೧ರಲ್ಲಿಯೂ ಮತ್ತೆ ೧೯೪೯ರಲ್ಲಿಯೂ ಕಾನೂನಿಗೆ ತಂದು, ದಡದ ಮೀನುಗಾರಿಕೆಯ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೆ ಕೊಟ್ಟಿತು. ೨೦೧೮ರಲ್ಲಿ ಕಾನೂನನ್ನು ಬಹಳಷ್ಟು ತಿದ್ದಿದರೂ ಆ ಹಕ್ಕು ಸಂಘಗಳ ಕೈಯಿಂದ ಹೋಗಿಲ್ಲ. ಅಲ್ಲಿ ಹಕ್ಕು ಮೊದಲು, ನಕ್ಷೆ ಆಮೇಲೆ. ತನ್ನ ಪಾಲು ತನಗೆ ಉಳಿಯುತ್ತದೆಂದು ತಿಳಿದವನು ತನ್ನ ಗುರುತುಗಳನ್ನು ಹೇಳಲು ಅಂಜಬೇಕಾಗಿಲ್ಲ. ನಮ್ಮಲ್ಲಿಯೂ ದಡದ ಪಟ್ಟಿ ಕಾಯಿದೆಯ ಪುಸ್ತಕದಲ್ಲಿ ಮೀಸಲಾಗಿದೆ. ಆ ಮೀಸಲನ್ನು ಮೀರಿದ ದೊಡ್ಡ ದೋಣಿಯನ್ನು ತೋರಿಸಿಕೊಡುವುದಕ್ಕೆ ಈ ಹೊಸ ನಕ್ಷೆ ಮೊದಲು ದುಡಿಯಲಿ. ಆಮೇಲೆ ಊರಿನವರೇ ಕುಳಿತು, ಎಷ್ಟನ್ನು ಬರೆಸಬೇಕು, ಬರೆಸಿದ್ದನ್ನು ಯಾರು ನೋಡಬಹುದು ಎಂಬುದನ್ನು ನಿರ್ಣಯಿಸಲಿ.

ಜೂನ್ ಜುಲೈಗಳ ಅರವತ್ತೊಂದು ದಿನ ನಮ್ಮ ಯಂತ್ರದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿಮಾಡುವ ಕಾಲವೆಂದು ಅದು ಕಾನೂನಿನ ರಜೆ. ಬಂದರುಗಳಲ್ಲಿ ಬಲೆ ನೇಯುತ್ತ, ದೋಣಿಗೆ ಬಣ್ಣ ಬಳಿಯುತ್ತ ಜನ ಒಟ್ಟಿಗೆ ಸಿಕ್ಕುವ ಕಾಲವೂ ಅದೇ. ಕಡಲಿನ ನಕ್ಷೆ ಬರೆಯುವವರು ಆ ದಿನಗಳಲ್ಲಿ ಅಲ್ಲಿಗೆ ಹೋಗಿ, ಯಂತ್ರವನ್ನು ತೆರೆಯುವ ಮೊದಲು ಸ್ವಲ್ಪ ಹೊತ್ತು ಅವರ ಮಾತು ಕೇಳಿದರೆ ಚೆನ್ನು. ೧೬೧೩ರ ಪ್ರಾಧ್ಯಾಪಕ ಕೇಳಿದ್ದು, ೧೯೮೬ರ ಅಧಿಕಾರಿಗಳು ಕೇಳದೆ ಹೋದದ್ದು ಅದೇ ಮಾತು: ಮೀನು ಮೊದಲಿನಂತೆ ಇಲ್ಲ. ದಡದಲ್ಲಿ ನಿಂತವನಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ.